ನುಗ್ಗುವವಳು, ಹಿಡಿಯುವವಳು

ನಮ್ಮ ಬೀದಿಯ ಹೆಂಗಸರ ಕಬಡ್ಡಿ ತಂಡ ಮೂರು ವರ್ಷ ಬಿಡದೆ ಸೋತಿತ್ತು. ಮೂರು ಸಲವೂ ತ್ಯಾಮಗೊಂಡ್ಲು ಕಡೆಯ ಹೆಂಗಸರ ಕೈಯಲ್ಲೇ. ಬೇರೆ ಯಾರ ಕೈಯಲ್ಲೂ ಸೋಲಲಿಲ್ಲ, ಯಾಕೆಂದರೆ ಬೇರೆ ತಂಡವೇ ಇರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವಕ್ಕೆಂದು ಆಟೋಟ ಇಡುತ್ತಿದ್ದರು. ಗಂಡಸರದು ಎಂಟು ಹತ್ತು ತಂಡ, ಹೆಂಗಸರದು ಎರಡು. ವರ್ಷಕ್ಕೆ ಒಂದೇ ಆಟ, ಅದರಲ್ಲೂ ಸೋಲು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ಇರಬೇಕು, ಎರಡು ಮಕ್ಕಳಾಗಿದ್ದವು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆರು ಪವರ್‌ಲೂಮ್ ಮಗ್ಗ. ಗಂಡ, ಮೈದುನ ಮಗ್ಗ ನೋಡಿಕೊಳ್ಳುತ್ತಿದ್ದರು. ನಾನು ಮತ್ತು ಮೈದುನನ ಹೆಂಡತಿ ಮಿಕ್ಕಿದ್ದೆಲ್ಲ ನೋಡಿಕೊಳ್ಳುತ್ತಿದ್ದೆವು. ಲಾಳಿಗೆ ಹಾಕುವ ನೂಲನ್ನು ಕಂಡಿಕೆ ಎಂಬ ಸಣ್ಣ ಕೊಳವೆಗೆ ಸುತ್ತುವುದು ಅವಳ ಕೆಲಸ. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದದ ನೂಲು, ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಸೇರಿಸಿ ಹೊಸೆಯುವುದು ನನ್ನ ಕೆಲಸ. ಇದಕ್ಕೆ ಅಚ್ಚು ಕೆಚ್ಚುವುದು ಅನ್ನುತ್ತೇವೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಒಂದೊಂದೇ ಎಳೆ, ಸಾವಿರಾರು ಎಳೆ. ಬಿಟ್ಟುಹೋದ ಎಳೆ ಕಣ್ಣಿಗೆ ಬೀಳುವ ಮೊದಲೇ ಕೈ ಅದನ್ನು ಹಿಡಿದಿರುತ್ತದೆ. ಆ ಅಭ್ಯಾಸ ಮುಂದೆ ನನಗೆ ಮಾಡಿದ ಕೇಡನ್ನು ಹೇಳುತ್ತೇನೆ.

ಈ ಕಬಡ್ಡಿ ಹುಟ್ಟಿದ್ದು ಕರೆಂಟಿನಿಂದ. ಆಗ ದಿನಾ ಸಂಜೆ ಐದರಿಂದ ಆರರವರೆಗೆ ಕರೆಂಟು ತೆಗೆಯುತ್ತಿದ್ದರು. ಐದು ಗಂಟೆಗೆ ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಲ್ಲುತ್ತಿದ್ದವು. ಬೆಳಗಿನಿಂದ ಆ ಸದ್ದಿನಲ್ಲೇ ಇದ್ದವರಿಗೆ ಅದು ನಿಂತ ಕೂಡಲೇ ಕಿವಿಯೊಳಗೆ ಹತ್ತಿ ತೆಗೆದ ಹಾಗಾಗುತ್ತಿತ್ತು. ಕಾಗೆ ಕೂಗುವುದು ಕೇಳಿಸುತ್ತಿತ್ತು. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕುವುದು ಕೇಳಿಸುತ್ತಿತ್ತು. ಕಂಡಿಕೆ ಸುತ್ತುವ ಮೆಷಿನ್ನೂ ಮೋಟಾರಿನದೇ, ಅದೂ ನಿಲ್ಲುತ್ತಿತ್ತು. ದೀಪವಿಲ್ಲದೆ ಶೆಡ್ಡಿನಲ್ಲಿ ಎಳೆ ಕಾಣುತ್ತಿರಲಿಲ್ಲ. ಹೆಂಗಸರಿಗೆ ಒಂದು ಗಂಟೆ ಸುಮ್ಮನೆ ಸಿಕ್ಕಿತು. ಬೀದಿಯ ಕೊನೆಗೆ ಹೆಣ್ಣುಮಕ್ಕಳ ಶಾಲೆಯ ಮೈದಾನ. ಅಲ್ಲಿ ಆಟ ಹೇಳಿಕೊಡುವ ಟೀಚರ್ ಒಬ್ಬರಿದ್ದರು, ಗಟ್ಟಿ ಹೆಂಗಸು. ಗೋಡೆಗೆ ಒರಗಿ ನಿಂತು ಮಾತಾಡುತ್ತಿದ್ದ ನಮ್ಮನ್ನು ನೋಡಿ, "ನಿಂತ್ಕಂಡು ಬಾಯಿ ಬಡ್ಕೊಳೋ ಬದ್ಲು ಒಳಗ್ ಬಂದು ಆಡ್ರೇ" ಅಂದರು. ಹೋದೆವು. ಅಷ್ಟೇ.

ಸೀರೆಗೆ ಕಚ್ಚೆ ಹಾಕಿ, ಮೇಲೆ ಗಂಡಂದಿರ ಹಳೆಯ ಅಂಗಿ ತೊಟ್ಟು ಆಡುತ್ತಿದ್ದೆವು. ಮೊದಮೊದಲು ಗಂಡಸರು ಗೋಡೆ ಹತ್ತಿ ಕೂತು ನಕ್ಕರು. ಎದುರು ಮನೆಯವಳು, ನನಗಿಂತ ಎರಡರಷ್ಟು ದಪ್ಪ ಇದ್ದಳು, ಒಂದು ದಿನ ಅವರ ಕಡೆ ತಿರುಗಿ, "ನಗ್ರಪ್ಪಾ ನಗ್ರಿ, ನಿಮ್ ನಿಮ್ ಅಂಗಿ ಯಾರ ಮೈಮೇಲೈತೆ ನೋಡ್ಕೊಂಡು ನಗ್ರಿ" ಅಂದಳು. ಆಮೇಲೆ ಬರುವವರು ಕಡಿಮೆಯಾದರು.

ನಾನು ಎಡಗಡೆಯ ಮೂಲೆಯಲ್ಲಿ ನಿಲ್ಲುತ್ತಿದ್ದೆ, ಎದುರು ಮನೆಯವಳು ಬಲಗಡೆಯ ಮೂಲೆಯಲ್ಲಿ. ಒಳಗೆ ಬಂದವಳ ಕಾಲು ಹಿಡಿಯುವುದು ನಮ್ಮ ಕೆಲಸ. ನುಗ್ಗಿ ಮುಟ್ಟಿ ಬರುವುದು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಬಡಕಲು ಹುಡುಗಿ, ಇಪ್ಪತ್ತೆರಡು ವಯಸ್ಸು, ಸೂಲಿಬೆಲೆಯವಳು. ಉಸಿರು ಹಿಡಿದಳೆಂದರೆ ಕಬಡ್ಡಿ ಕಬಡ್ಡಿ ಅನ್ನುವುದು ಮೆಷಿನ್ ಹಾಕಿದ ಹಾಗೆ ಒಂದೇ ಸಮ. ಬೀದಿಯವರೆಲ್ಲ ಹೊಗಳುತ್ತಿದ್ದದ್ದು ಅವಳನ್ನೇ. ಕಾಲು ಹಿಡಿಯುವವಳನ್ನು ಯಾರೂ ಹೊಗಳುವುದಿಲ್ಲ. ಅವಳ ಮುಖ ಕಾಣುವುದೇ ಇಲ್ಲ, ಮಣ್ಣಿನಲ್ಲಿರುತ್ತದೆ.

ಮೂರನೇ ಸಲ ಸೋತು ಬಂದ ಮೇಲೆ ನಮ್ಮಿಬ್ಬರಿಗೂ ವಾದ ಶುರುವಾಯಿತು. ಅವಳು ಹೇಳುತ್ತಿದ್ದದ್ದು ಒಂದೇ. "ಅಕ್ಕ, ಪಾಯಿಂಟ್ ಬರೋದು ಆ ಕಡೆ ಹೋದ್ರೆ. ಈ ಕಡೆ ಕೂತ್ರೆ ಏನ್ ಬರ್ತದೆ? ನಂಗಿನ್ನೂ ಜಾಸ್ತಿ ನುಗ್ಗಕ್ಕೆ ಬಿಡಿ."

"ನೀನು ಎರಡು ತರ್ತೀಯ, ಅಷ್ಟ್ರಲ್ಲಿ ಅವರು ನಾಕು ತಗೊಂಡ್ ಹೋಗಿರ್ತಾರೆ. ತೂತಿರೋ ಕೊಡಕ್ಕೆ ಎಷ್ಟ್ ನೀರ್ ಹೊಯ್ತೀಯ?"

"ತೂತು ಯಾರು ಅಂತ ನಾನ್ ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ತೂತು ನಾನೇ. ತ್ಯಾಮಗೊಂಡ್ಲು ತಂಡದಲ್ಲಿ ಒಬ್ಬ ಎತ್ತರದ ಹೆಂಗಸಿದ್ದಳು. ಹೊಲದ ಕೆಲಸ ಮಾಡಿ ಮಾಡಿ ತೊಡೆ ಕಲ್ಲಿನಂತಿತ್ತು. ಅವಳು ನನ್ನ ಮೂಲೆಗೆ ಬಂದು ಒಂದು ಕಾಲನ್ನು ಸುಮ್ಮನೆ ಮುಂದೆ ಚಾಚುತ್ತಿದ್ದಳು. ಬಿಟ್ಟುಹೋದ ಎಳೆ ಕಂಡ ಹಾಗೆ ನನ್ನ ಕೈ ತಾನೇ ಹೋಗಿಬಿಡುತ್ತಿತ್ತು. ಮಿಕ್ಕವರು ಇನ್ನೂ ದೂರ ಇರುತ್ತಿದ್ದರು. ಒಬ್ಬಳ ಕೈಗೆ ಅವಳು ಎಲ್ಲಿ ಸಿಗುತ್ತಾಳೆ. ಕೈ ಕೊಡವಿಕೊಂಡು ಗೆರೆ ದಾಟಿ ಹೋಗುತ್ತಿದ್ದಳು, ನಾನು ಔಟ್. ಮೂರನೇ ವರ್ಷ ಹೀಗೆ ಐದು ಸಲ ಔಟಾದೆ. ಐದನೇ ಸಲ ಅವಳು ಹೋಗುತ್ತಾ ನನ್ನನ್ನು ನೋಡಿ, "ಅಲ್ಲಮ್ಮ, ನಿನ್ ಕೈಗೆ ಬೇಸ್ರ ಅನ್ನೋದೇ ಇಲ್ವಾ" ಅಂದಳು. ಆ ಮಾತು ವರ್ಷವಿಡೀ ನನ್ನ ಹೊಟ್ಟೆಯಲ್ಲಿತ್ತು.

ನಾಲ್ಕನೇ ವರ್ಷ ಕರೆಂಟಿನವರು ಹೊತ್ತು ಬದಲಾಯಿಸಿದರು. ಸಂಜೆಯ ಬದಲು ಬೆಳಗ್ಗೆ ಆರರಿಂದ ಏಳು. ಬೆಳಗ್ಗೆ ಆರರಿಂದ ಏಳು ಯಾವ ಮನೆಯಲ್ಲಿ ಯಾವ ಹೆಂಗಸಿಗೆ ಬಿಡುವಿರುತ್ತದೆ? ಸಂಜೆ ಐದಕ್ಕೆ ಈಗ ಮಗ್ಗ ಓಡುತ್ತಿರುತ್ತಿತ್ತು, ಕಂಡಿಕೆ ಬೇಕೇ ಬೇಕು. ಆದರೂ ನಾವಿಬ್ಬರೂ ಹಳೇ ಅಭ್ಯಾಸದಂತೆ ಐದಕ್ಕೆ ಎದ್ದು ಹೋಗುತ್ತಿದ್ದೆವು, ತಂಡದ ಮಿಕ್ಕವರೂ ಹೇಗೋ ಬರುತ್ತಿದ್ದರು. ಅತ್ತೆ ಹತ್ತು ಹನ್ನೆರಡು ದಿನ ನೋಡಿದರು. ಆ ಮನೆಯಲ್ಲಿ ಅವರ ಮಾತೇ ಮಾತು. ಮಾವ ತೀರಿಕೊಂಡ ಮೇಲೆ ಆರು ಮಗ್ಗವನ್ನೂ ಇಬ್ಬರು ಗಂಡುಮಕ್ಕಳನ್ನೂ ಒಂದೇ ಕೈಯಲ್ಲಿ ಹಿಡಿದವರು ಅವರು. ಒಂದು ಸಂಜೆ ಬಾಗಿಲಿಗೆ ಅಡ್ಡ ಕೂತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದರು.

"ಕರೆಂಟ್ ಇಲ್ದಾಗ ಹೋದ್ರಿ, ನಾನೇನೂ ಅನ್ಲಿಲ್ಲ. ಈಗ ಕರೆಂಟ್ ಐತೆ. ಮಗ್ಗ ಕಂಡಿಕೆ ಇಲ್ದೆ ಬಾಯ್ ಬಿಟ್ಕೊಂಡ್ ನಿಲ್ತದೆ. ಗೆದ್ದಾದ್ರೂ ಬರ್ತೀರಾ ಅಂದ್ರೆ ಅದೂ ಇಲ್ಲ."

"ಈ ಸಲ ಗೆಲ್ತೀವಿ ಅತ್ತೆ" ಅಂದಳು ವಾರಗಿತ್ತಿ.

"ಗೆದ್ರೆ ಆ ಒಂದ್ ಗಂಟೆ ನಿಮ್ದು. ಯಾವತ್ತೂ ಕೇಳಲ್ಲ. ಸೋತ್ರೆ ಮಾರ್ನೇ ದಿನದಿಂದ ಐದಕ್ಕೆ ಇಬ್ರೂ ಮೆಷಿನ್ ಮುಂದೆ. ಅಳೋದು ಕರಿಯೋದು ಬ್ಯಾಡ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಇಂದು ಅವರ ವಯಸ್ಸು ದಾಟಿದ್ದೇನೆ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಆ ಗಂಟೆ ನನಗೆ ಬೇಕಿತ್ತು. ಯಾಕೆ ಅಂದರೆ ದೊಡ್ಡ ಕಾರಣವಿಲ್ಲ. ದಿನದಲ್ಲಿ ಆ ಒಂದು ಗಂಟೆಯಲ್ಲಿ ಮಾತ್ರ ನಾನು ಬಾಯಿಬಿಟ್ಟು ಮಾತಾಡುತ್ತಿದ್ದೆ. ಶೆಡ್ಡಿನಲ್ಲಿ ಮಾತು ನಡೆಯುವುದಿಲ್ಲ. ಕೈಸನ್ನೆ, ತುಟಿಸನ್ನೆ ಅಷ್ಟೇ. ನೂಲು ಬೇಕು ಅಂದರೆ ಎರಡು ಬೆರಳು ತಿರುಗಿಸುವುದು. ಊಟಕ್ಕೆ ಬಾ ಅಂದರೆ ಬಾಯಿ ಹತ್ತಿರ ಕೈ. ಮಗ್ಗ ನಿಲ್ಲಿಸು ಅಂದರೆ ಮುಷ್ಟಿ ಕಟ್ಟಿ ಎದೆಯ ಕಡೆ ಎಳೆದುಕೊಳ್ಳುವುದು, ಮಗ್ಗದ ಹಿಡಿ ಎಳೆಯುವ ಹಾಗೆ. ಮದುವೆಯಾಗಿ ಬಂದು ಎಂಟು ವರ್ಷ ನನ್ನ ಗಂಡನ ಜೊತೆ ನಾನು ಹೆಚ್ಚು ಮಾತಾಡಿದ್ದು ಕೈಯಲ್ಲೇ.

ಅವತ್ತೇ ಮೈದಾನದಲ್ಲಿ ಎಲ್ಲರೂ ಕೂತೆವು. ಆಟಕ್ಕೆ ಇನ್ನು ಇಪ್ಪತ್ತು ದಿನ ಇತ್ತು. ವಾರಗಿತ್ತಿ ನುಗ್ಗೋಣ ಅಂದಳು. ನಾನು ಹಿಡಿಯೋಣ ಅಂದೆ. ಮಿಕ್ಕ ಐದು ಜನ ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು. ಟೀಚರ್ ಇಬ್ಬರಿಗೂ ಮಾತು ಮುಗಿಸಲು ಬಿಟ್ಟರು. ಆಮೇಲೆ ನನ್ನನ್ನು ಕೇಳಿದರು.

"ಹಿಡಿಯೋದು ಹಿಡಿಯೋದು ಅಂತೀಯಲ್ಲ, ಹಿಡಿಯೋದು ಅಂದ್ರೆ ಏನು?"

"ಬಂದೋಳ್ನ ಬಿಡ್ಬಾರ್ದು."

"ಅದಕ್ಕೇ ನೀವು ಸೋಲೋದು. ಬಂದೋಳ್ನ ಬಿಡ್ಬೇಕು. ಸುಮ್ನೆ ಬಂದು ಸುಮ್ನೆ ಹೋದ್ರೆ ನಿನ್ ಗಂಟು ಏನ್ ಹೋಯ್ತು? ಅವಳಿಗೂ ಪಾಯಿಂಟ್ ಇಲ್ಲ, ನಿನಗೂ ಇಲ್ಲ. ಅವಳು ವಾಪಸ್ ತಿರುಗ್ತಾಳಲ್ಲ, ಆವಾಗ ಒಂದ್ ಗಳಿಗೆ ಕಾಲು ನಿಲ್ತದೆ. ಆವಾಗ ಹಿಡಿ. ಅದೂ ಒಬ್ಳೇ ಅಲ್ಲ."

ಎದುರು ಮನೆಯವಳು ನನ್ನ ಬಲಗೈಯ ಕಿರುಬೆರಳು ಎತ್ತಿ ತೋರಿಸಿದಳು. ಅದು ಸೊಟ್ಟಗಿತ್ತು, ಇವತ್ತಿಗೂ ಸೊಟ್ಟಗಿದೆ. ಮದುವೆಯಾಗಿ ಬಂದ ಹೊಸದರಲ್ಲಿ ಓಡುವ ಮಗ್ಗದೊಳಗೆ ಕೈ ಹಾಕಿದ್ದೆ, ಒಂದು ಎಳೆ ಕಿತ್ತಿತ್ತು ಅಂತ. ಲಾಳಿ ಬಂದು ಹೊಡೆಯಿತು. "ಮಗ್ಗದ ತಾವ ಬುದ್ಧಿ ಕಲ್ತೆ, ಇಲ್ಲಿ ಯಾವಾಗ್ ಕಲಿತೀಯೇ?" ಅಂದಳು.

ವಾರಗಿತ್ತಿ ನಕ್ಕಳು. "ಅಕ್ಕನ್ ಎರಡೂ ಕೈಗೂ ಒಂದೊಂದ್ ಕಂಡಿಕೆ ಕೊಡಿ ಟೀಚರ್. ಕೈ ತುಂಬಿದ್ರೆ ಹೆಂಗ್ ಹಿಡಿತಾಳೆ ನೋಡಾಣ."

ಅವಳು ಹೇಳಿದ್ದು ಹಂಗಿಸಲಿಕ್ಕೆ. ಟೀಚರ್ ಅದನ್ನೇ ಮಾಡಿಸಿದರು. ಮಾರನೇ ದಿನದಿಂದ ನಾನು ಎರಡೂ ಕೈಯಲ್ಲಿ ನೂಲು ಸುತ್ತಿದ ಕಂಡಿಕೆ ಹಿಡಿದುಕೊಂಡು ಮೂಲೆಯಲ್ಲಿ ನಿಲ್ಲಬೇಕು. ಒಳಗೆ ಬಂದವಳು ಕಾಲು ಚಾಚಿದರೆ ನೋಡಬೇಕು, ಹಿಂದೆ ಸರಿಯಬೇಕು, ಹಿಡಿಯಬಾರದು. ಕಂಡಿಕೆ ಬಿದ್ದರೆ ಮೈದಾನಕ್ಕೆ ಒಂದು ಸುತ್ತು ಓಟ. ಮೊದಲ ದಿನ ಏಳು ಸುತ್ತು ಓಡಿದೆ. ವಾರಗಿತ್ತಿ ಬೇಕೆಂದೇ ಕಾಲನ್ನು ನನ್ನ ಮೂಗಿನ ಹತ್ತಿರ ತಂದು ಕುಣಿಸುತ್ತಿದ್ದಳು. "ತಗೋ ಅಕ್ಕ, ಎಳೆ ಕಿತ್ತೋಯ್ತು, ತಗೋ." ನಾಲ್ಕನೇ ದಿನ ಒಂದೇ ಸುತ್ತು. ಹತ್ತನೇ ದಿನ ಕಂಡಿಕೆ ಬೀಳಲಿಲ್ಲ. ಅವಳು ಕಾಲು ಕುಣಿಸಿ ಕುಣಿಸಿ ಉಸಿರು ಮುಗಿದು ತಾನೇ ಔಟಾದಳು. ಅವತ್ತು ನಾನು ನಗಲಿಲ್ಲ. ಅಂಗಿಯ ಕಾಲರಿನಲ್ಲಿ ಮುಖ ಒರೆಸಿಕೊಂಡೆ.

ಇನ್ನೊಂದು ಕೆಲಸವನ್ನೂ ಮಾಡಿದೆವು. ತ್ಯಾಮಗೊಂಡ್ಲಿನವರು ಆಡುವಾಗ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು, ಹಿಡಿಯೇ, ಬಿಡೇ, ಎಡಕ್ಕೆ ಹೋಗೇ ಅಂತ. ನುಗ್ಗುವವಳಿಗೂ ಅದು ಕೇಳಿಸುತ್ತದೆ. ನಮಗೆ ಕೂಗುವ ಅಗತ್ಯವಿರಲಿಲ್ಲ. ಅಂಗೈ ಕೆಳಗೆ ಮಾಡಿದರೆ ಇನ್ನೂ ತಡಿ. ಎರಡು ಬೆರಳು ತಿರುಗಿಸಿದರೆ ಹಿಂದಿನಿಂದ ಸುತ್ತು ಹಾಕು. ಮುಷ್ಟಿ ಎಳೆದರೆ ಈಗ ನಿಲ್ಲಿಸು, ಹಿಡಿ. ಏಳು ಜನಕ್ಕೂ ಹೊಸದಾಗಿ ಕಲಿಯಬೇಕಾದ್ದು ಹೆಚ್ಚಿರಲಿಲ್ಲ, ಸನ್ನೆ ಎಲ್ಲ ಶೆಡ್ಡಿನದೇ, ಕೆಲವಕ್ಕೆ ಅರ್ಥ ಮಾತ್ರ ಬೇರೆ.

ಕೊನೆಗೆ ಒಪ್ಪಂದವಾಯಿತು. ಮೊದಲು ಹಿಡಿಯುವುದು. ವಾರಗಿತ್ತಿ ರೈಡಿಗೆ ಹೋದರೂ ಗೆರೆಯ ಹತ್ತಿರವೇ ಸುಳಿದು ವಾಪಸ್ ಬರಬೇಕು, ಸುಲಭಕ್ಕೆ ಸಿಕ್ಕಿದರೆ ಮುಟ್ಟಬೇಕು, ಇಲ್ಲದಿದ್ದರೆ ಬರಿಗೈ. ಅವಳು ಕಚ್ಚೆಯ ಮಣ್ಣು ಕೊಡವಿಕೊಂಡಳು. ಆಮೇಲೆ, "ಆಯ್ತು. ಆದ್ರೆ ಕೊನೇ ರೈಡು ನಂದು. ಆವಾಗ ಹೆಂಗ್ ಆಡ್ಬೇಕು ಅಂತ ಯಾರೂ ಹೇಳಂಗಿಲ್ಲ. ಅಕ್ಕ, ನೀನ್ ಮಾತ್ ಕೊಡು" ಅಂದಳು. ಕೊಟ್ಟೆ.

ಆಟದ ದಿನ ತ್ಯಾಮಗೊಂಡ್ಲಿನವರು ಟ್ರ್ಯಾಕ್ಟರಿನಲ್ಲಿ ಬಂದರು. ಅವರ ಮಕ್ಕಳು, ಬುತ್ತಿ, ನೀರಿನ ಬಿಂದಿಗೆ ಎಲ್ಲ ಟ್ರೈಲರಿನಲ್ಲಿತ್ತು. ನಮ್ಮ ಅತ್ತೆ ಮೊದಲ ಸಲ ಆಟ ನೋಡಲು ಬಂದರು, ಮಣೆ ತಂದು ಹಾಕಿಕೊಂಡು ಗೆರೆಯ ಪಕ್ಕದಲ್ಲೇ ಕೂತರು. ಸೊಸೆಯರನ್ನು ಹುರಿದುಂಬಿಸಲು ಬಂದವರಲ್ಲ, ಸುಳ್ಳು ಹೇಳಿಬಿಟ್ಟಾರು ಎಂದು ಬಂದವರು.

ನೋಡುವವರಿಗೆ ಅದು ಚೆನ್ನಾಗಿರಲಿಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ. ಎತ್ತರದ ಹೆಂಗಸು ಬರುತ್ತಾಳೆ, ನಾವು ಹಿಂದೆ ಸರಿಯುತ್ತೇವೆ, ಅವಳು ಹೋಗುತ್ತಾಳೆ. ನಮ್ಮವಳು ಹೋಗುತ್ತಾಳೆ, ಗೆರೆಯ ಹತ್ತಿರ ಸುಳಿದು ಬರುತ್ತಾಳೆ. ಜನ ಆಕಳಿಸಿದರು. ಯಾರೋ, "ಏನಮ್ಮ, ಆಟ ಆಡ್ತಿದ್ದೀರೋ ಮಡಿ ಮಾಡ್ತಿದ್ದೀರೋ, ಯಾರ್ನೂ ಮುಟ್ಟಂಗೇ ಇಲ್ವಲ್ಲ" ಅಂದ. ಕೆಲವರು ಎದ್ದು ಗಂಡಸರ ಹಗ್ಗಜಗ್ಗಾಟ ನೋಡಲು ಹೋದರು. ಅತ್ತೆ ಏಳಲಿಲ್ಲ.

ಆದರೆ ಅರ್ಧ ಆಟ ಮುಗಿದಾಗ ಐದು ಐದು. ಹಿಂದಿನ ಮೂರು ವರ್ಷ ಅರ್ಧ ಆಟಕ್ಕೇ ನಾವು ಹತ್ತು ಪಾಯಿಂಟ್ ಹಿಂದೆ ಇರುತ್ತಿದ್ದೆವು. ಎತ್ತರದ ಹೆಂಗಸು ನನ್ನ ಮೂಲೆಗೆ ನಾಲ್ಕು ಸಲ ಬಂದು ಕಾಲು ಚಾಚಿದಳು. ನಾಲ್ಕು ಸಲವೂ ನನ್ನ ಕೈ ನನ್ನ ಹತ್ತಿರವೇ ಇತ್ತು. ನಾಲ್ಕನೇ ಸಲ ಅವಳು ನನ್ನ ಮುಖ ನೋಡಿದಳು. ಇವಳಿಗೆ ಏನಾಯಿತು ಎಂಬ ಹಾಗಿತ್ತು ಆ ನೋಟ.

ಎರಡನೇ ಅರ್ಧದಲ್ಲಿ ಎಳೆದಾಟ. ಅವರು ಒಂದು ತೆಗೆದರೆ ನಾವು ಒಂದು. ಆಟ ಮುಗಿಯಲು ಒಂದು ನಿಮಿಷವಿದೆ ಎನ್ನುವಾಗ ನಮ್ಮದು ಹತ್ತು, ಅವರದು ಹನ್ನೊಂದು. ವಾರಗಿತ್ತಿ ಸಿಕ್ಕಿಬಿದ್ದು ಔಟಾಗಿ ಹೊರಗೆ ಕೂತಿದ್ದಳು, ಉಗುರು ಕಚ್ಚುತ್ತಿದ್ದಳು. ಒಳಗೆ ನಾವು ನಾಲ್ಕು ಜನ. ಎತ್ತರದವಳು ಬಂದಳು. ನೇರ ನನ್ನ ಮೂಲೆಗೆ. ಕಾಲು ಚಾಚಿದಳು, ನಾನು ಅಂಗೈ ಕೆಳಗೆ ಮಾಡಿದೆ. ಇನ್ನೊಂದು ಹೆಜ್ಜೆ ಒಳಗೆ ಬಂದಳು. ಅಂಗೈ ಹಾಗೇ ಇತ್ತು. ಅವಳ ಉಸಿರು ಸಣ್ಣಗಾಗುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಎದುರು ಮನೆಯವಳು ಅವಳ ಬೆನ್ನ ಹಿಂದೆ ಅಷ್ಟು ದಪ್ಪ ಮೈ ಹೊತ್ತುಕೊಂಡು ಬೆಕ್ಕಿನ ಹಾಗೆ ಬರುತ್ತಿದ್ದಳು. ಎತ್ತರದವಳು ತಿರುಗಲು ಕಾಲು ಊರಿದಳು. ಮುಷ್ಟಿ ಎಳೆದೆ. ನಾಲ್ಕು ಜನ ಒಟ್ಟಿಗೆ ಬಿದ್ದೆವು. ನನ್ನ ಕೈಯಲ್ಲಿ ಅವಳ ಕಣಕಾಲಿತ್ತು, ನನ್ನ ತಲೆಯ ಮೇಲೆ ಎದುರು ಮನೆಯವಳಿದ್ದಳು. ಯಾರು ಸೀಟಿ ಊದಿದರು, ಯಾವಾಗ ಊದಿದರು, ಗೊತ್ತಿಲ್ಲ. ಬಿಡ್ರೇ ಬಿಡ್ರೇ ಅಂತ ಟೀಚರ್ ಬಂದು ಬೆನ್ನಿಗೆ ಬಡಿದಾಗ ಬಿಟ್ಟೆವು.

ಹನ್ನೊಂದು ಹನ್ನೊಂದು. ನಾವು ಒಬ್ಬಳನ್ನು ಹಿಡಿದದ್ದರಿಂದ ನಮ್ಮವಳೊಬ್ಬಳು ಒಳಗೆ ಬರಬಹುದಿತ್ತು. ವಾರಗಿತ್ತಿ ಎದ್ದು ಬಂದಳು, ಕಚ್ಚೆ ಬಿಗಿ ಮಾಡಿಕೊಂಡಳು. ಅಂಪೈರು, "ಕೊನೇ ರೈಡ್" ಅಂದರು.

ಅವಳು ನನ್ನ ಕಡೆ ನೋಡಲಿಲ್ಲ. ಗೆರೆ ದಾಟಿದಳು. ಈ ಸಲ ಗೆರೆಯ ಹತ್ತಿರ ಸುಳಿಯಲಿಲ್ಲ, ನೇರ ಒಳಕ್ಕೆ ನುಗ್ಗಿದಳು. ಅವರು ಐದು ಜನ ಇದ್ದರು. ಮೂಲೆಯಲ್ಲಿದ್ದವಳು ಹಿಂದೆ ಹಿಂದೆ ಹೋದಳು. ವಾರಗಿತ್ತಿಯ ಕೈ ಅವಳ ಹೆಗಲಿಗೆ ಒಂದು ಗೇಣು ದೂರದಲ್ಲಿತ್ತು. ಆ ಕಡೆಯಿಂದ ಇಬ್ಬರು ಕೈ ಕೈ ಹಿಡಿದು ಅವಳ ಹಿಂದೆ ಬಾಗಿಲು ಮುಚ್ಚುವ ಹಾಗೆ ಬರುತ್ತಿದ್ದದ್ದು ನನಗೆ ಕಾಣಿಸಿತು. ಅವಳಿಗೆ ಕಾಣಿಸಿತ್ತೋ ಇಲ್ಲವೋ. ಸಿಕ್ಕಿಬಿದ್ದರೆ ಸೋಲು, ಸೋತರೆ ನಾಳೆಯಿಂದ ಮೈದಾನವಿಲ್ಲ. ಆ ಕ್ಷಣ ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಕೊಟ್ಟ ಮಾತು ನೆನಪಿಗೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು. ಆದರೂ ಮುಷ್ಟಿ ಕಟ್ಟಿ ಎದೆಯ ಕಡೆ ಎಳೆದೆ. ಮಗ್ಗ ನಿಲ್ಲಿಸು.

ಶೆಡ್ಡಿನಲ್ಲಿ ಕೆಲಸ ಮಾಡುವವರಿಗೆ ಆ ಸನ್ನೆ ಕಂಡರೆ ಯೋಚನೆ ಮಾಡುವ ಪದ್ಧತಿಯಿಲ್ಲ. ಯಾರದೋ ಕೈ ಒಳಗಿರಬಹುದು. ಮೊದಲು ನಿಲ್ಲಿಸುವುದು, ಆಮೇಲೆ ಯಾಕೆ ಅಂತ ಕೇಳುವುದು. ಅವಳ ಕಣ್ಣಂಚಿಗೆ ನನ್ನ ಮುಷ್ಟಿ ಬಿತ್ತು, ಕಾಲು ನಿಂತಿತು. ಬಾಗಿಲು ಮುಚ್ಚುವ ಮೊದಲು ಬಳುಕಿ ಈಚೆ ಬಂದುಬಿಟ್ಟಳು, ಬರಿಗೈಯಲ್ಲಿ. ಸೀಟಿ ಊದಿದರು. ಹನ್ನೊಂದು ಹನ್ನೊಂದಕ್ಕೇ ಮುಗಿಯಿತು.

ಇಬ್ಬರಿಗೂ ಸಮ ಅಂದರು ಸಂಘದವರು. ಗಂಡಸರ ಫೈನಲ್ಲಿಗೆ ಹೊತ್ತಾಗುತ್ತಿತ್ತು, ಇನ್ನೊಂದು ಸಲ ಆಡಿಸುವ ತಾಳ್ಮೆ ಅವರಿಗಿರಲಿಲ್ಲ. ತ್ಯಾಮಗೊಂಡ್ಲಿನ ಎತ್ತರದವಳು ನನ್ನ ಹತ್ತಿರ ಬಂದು ಕಾಲು ಮುಂದೆ ಮಾಡಿದಳು. ಕಣಕಾಲಿನ ಸುತ್ತ ನನ್ನ ಬೆರಳಿನ ಗುರುತು ಕೆಂಪಗೆ ಎದ್ದಿತ್ತು. "ಏನ್ ಕೈ ಮಾರಾಯ್ತಿ. ಹಾಲ್ ಕರಿಯೋರ್ಗೂ ಇಲ್ಲ ಇಂಥ ಹಿಡಿತ" ಅಂದಳು. ನೆಲಗಡಲೆ ಕೊಟ್ಟಳು, ತಿಂದೆವು.

ವಾರಗಿತ್ತಿ ತಿನ್ನಲಿಲ್ಲ. ಮನೆಯವರೆಗೂ ನನ್ನ ಮುಂದೆ ನಡೆದಳು. ಅಂಗಳಕ್ಕೆ ಬಂದ ಮೇಲೆ ತಿರುಗಿದಳು.

"ಮುಟ್ತಿದ್ದೆ ಅಕ್ಕ. ಒಂದ್ ಗೇಣಿತ್ತು."

"ಹಿಂದೆ ಇಬ್ರು ಇದ್ರು. ನಿಂಗ್ ಕಾಣಿಸ್ಲಿಲ್ಲ."

"ಕಾಣಿಸ್ತು. ಅವರ್ ಕೈಕೆಳಗೆ ನುಗ್ಕೊಂಡು ಬರ್ತಿದ್ದೆ. ನಾಕ್ ವರ್ಷದಿಂದ ಅದ್ನೇ ಮಾಡ್ತಿಲ್ವಾ ನಾನು?"

"ಸಿಕ್ಕಿದ್ರೆ?"

"ಸಿಕ್ಕಿದ್ರೆ ಸಿಕ್ತಿದ್ದೆ. ಆಟ ಅಂದ್ರೆ ಅದೇ ಅಲ್ವಾ. ಮಾತ್ ಕೊಟ್ಟಿದ್ದೆ ನೀನು."

ನಾನು ತೊಟ್ಟಿಯಿಂದ ನೀರು ತೆಗೆದು ಕಾಲು ತೊಳೆದುಕೊಂಡೆ. ಇವತ್ತು ಕೇಳಿದರೆ ನಾನು ಹೇಳುವುದು ಎರಡು ಮಾತು. ಒಂದು, ಬರೀ ಸೋಲುವ ತಂಡ ಮೊದಲು ಸೋಲುವುದನ್ನು ನಿಲ್ಲಿಸಬೇಕು, ಅದಕ್ಕೆ ಹಿಡಿತ ಬೇಕು. ಅದರಲ್ಲಿ ನಾನು ತಪ್ಪಿಲ್ಲ. ಎರಡು, ಆ ಕೊನೆಯ ರೈಡಿನಲ್ಲಿ ನಾನು ಹಿಡಿದದ್ದು ಎದುರಾಳಿಯನ್ನಲ್ಲ, ನಮ್ಮವಳನ್ನೇ. ಅದು ತಪ್ಪು.

ಅತ್ತೆ ಮಣೆ ಒಳಗಿಟ್ಟು ಬಂದರು. ನಾವಿಬ್ಬರೂ ಅವರ ಮುಖ ನೋಡಿದೆವು. ಗೆದ್ದರೆ ಏನು, ಸೋತರೆ ಏನು ಅಂತ ಹೇಳಿದ್ದರು, ಸಮವಾದರೆ ಏನು ಅಂತ ಹೇಳಿರಲಿಲ್ಲ.

"ಗೆಲ್ಲಲಿಲ್ಲ" ಅಂದರು ಅತ್ತೆ.

"ಸೋಲ್ಲೂ ಇಲ್ಲ" ಅಂದೆ ನಾನು.

"ಗೆಲ್ತಿದ್ವಿ" ಅಂದಳು ವಾರಗಿತ್ತಿ.

"ಸೋಲ್ತಿದ್ವಿ" ಅಂದೆ.

"ಚಾಲು, ಚಾಲು" ಅಂದರು ಅತ್ತೆ. ಸಿಟ್ಟು ಬಂದರೆ ಅವರ ಬಾಯಲ್ಲಿ ತವರಿನ ತೆಲುಗು ಬರುತ್ತಿತ್ತು, ಸಾಕು ಅಂತ ಅರ್ಥ. "ಜಗಳ ಆಡಿದ್ರೆ ಇದ್ದಿದ್ದೂ ಹೋಗ್ತದೆ. ಗೆದ್ದಿಲ್ಲ, ಸೋತಿಲ್ಲ, ಅಂದ್ರೆ ಅರ್ಧ. ಒಂದಿನ ಅವಳು ಹೋಗ್ಲಿ, ಒಂದಿನ ನೀನ್ ಹೋಗು. ಐದಕ್ಕೆ ಮೆಷಿನ್ ಮುಂದೆ ಒಬ್ಳು ಇರ್ಲೇಬೇಕು. ನಾಳೆ ದೊಡ್ಡೋಳು ಹೋಗ್ಲಿ."

ಮೈದುನ ಪಕ್ಕದಲ್ಲಿದ್ದವನು, "ಇಬ್ರೂ ಒಟ್ಟಿಗೆ ಇಲ್ದಿದ್ರೆ ಅದೇನ್ ಟೀಮು ಅಮ್ಮ" ಅಂದ. "ನೀನು ಮಗ್ಗ ನೋಡ್ಕೋ" ಅಂದರು. ಅಲ್ಲಿಗೆ ಮುಗಿಯಿತು.

ಮಾರನೇ ದಿನ ಐದಕ್ಕೆ ನಾನೊಬ್ಬಳೇ ಹೋದೆ. ಮೈದಾನದಲ್ಲಿ ಮಿಕ್ಕ ಐದು ಜನ ಇದ್ದರು. ಕೈ ಕೊಡವಿಕೊಂಡು ಸಾಲಾಗಿ ನಿಂತೆವು. ನಿಂತೇ ಇದ್ದೆವು. ಸ್ವಲ್ಪ ಹೊತ್ತಾದ ಮೇಲೆ ಎದುರು ಮನೆಯವಳು, "ಹಿಡಿಯಾಣ ಸರಿ, ಬರೋರು ಯಾರು?" ಅಂದಳು. ನುಗ್ಗುವವಳು ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದಳು. ಆರು ಜನರೂ ಹಿಡಿಯುವವರೇ, ಹಿಡಿಯಲು ಯಾರೂ ಇಲ್ಲ. ಟೀಚರ್ ನನ್ನ ಕಡೆ ಬೆರಳು ತೋರಿಸಿದರು. "ನೀನೇ ಹೋಗು. ಕೊನೇ ರೈಡ್ ಹೆಂಗ್ ಆಡ್ಬೇಕು ಅಂತ ನಿಂಗ್ ಗೊತ್ತಲ್ಲ."

ನಾಲ್ಕು ವರ್ಷದಲ್ಲಿ ನಾನು ಒಂದು ಸಲವೂ ಆ ಗೆರೆ ದಾಟಿರಲಿಲ್ಲ. ಉಸಿರೆಳೆದುಕೊಂಡೆ. ಕಬಡ್ಡಿ ಅನ್ನುವ ಮಾತು ನನ್ನ ಬಾಯಿಂದ ಬಂದದ್ದು ನನಗೇ ವಿಚಿತ್ರವಾಗಿ ಕೇಳಿಸಿತು. ಮೂಲೆಯಲ್ಲಿ ನಿಂತು ನೋಡುವಾಗ ಒಳಗೆ ಬಂದವಳೊಬ್ಬಳು ಕಾಣುತ್ತಾಳೆ. ಒಳಗೆ ಹೋದಾಗ ಕಾಣುವುದು ಐದು ಜೊತೆ ಕೈ. ಎರಡು ಹೆಜ್ಜೆ ಇಟ್ಟೆ. ಮೂರನೆಯದು ಇಡಲು ಕಾಲು ಬರಲಿಲ್ಲ. ಯಾರನ್ನು ನೋಡಲಿ, ಯಾರಿಗೆ ಬೆನ್ನು ಮಾಡಲಿ, ಗೆರೆ ಹಿಂದೆ ಎಷ್ಟು ದೂರವಿದೆ, ಒಂದೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಎದುರು ಮನೆಯವಳು ನನ್ನ ಸೊಂಟ ಹಿಡಿದು ಮೂಟೆಯ ಹಾಗೆ ಎತ್ತಿದಳು. ಕಾಲು ಗಾಳಿಯಲ್ಲಿ ಆಡುತ್ತಿತ್ತು. ಉಸಿರು ಬಿಟ್ಟು ನಕ್ಕುಬಿಟ್ಟೆ, ಎಲ್ಲರೂ ನಕ್ಕರು. ಆ ಸಂಜೆ ಹತ್ತು ಸಲ ಹೋದೆ, ಹತ್ತು ಸಲವೂ ಸಿಕ್ಕಿದೆ.

ಮನೆಗೆ ಬಂದಾಗ ವಾರಗಿತ್ತಿ ಮೆಷಿನ್ನಿನ ಮುಂದೆ ಕೂತಿದ್ದಳು. ಹಿಂದಿನ ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ. ನನ್ನ ಮೈಮೇಲಿನ ಮಣ್ಣು ನೋಡಿದಳು. ಮಂಡಿ ನೋಡಿದಳು, ಬೆನ್ನು ನೋಡಿದಳು. ಹಿಡಿಯುವವಳಿಗೆ ಮಣ್ಣಾಗುವುದು ಎದೆಗೆ. ನನಗಾದದ್ದು ಬೆನ್ನಿಗೆ. ಅವಳಿಗೆ ತಿಳಿಯಿತು. ಮಗ್ಗದ ಸದ್ದಿನಲ್ಲಿ ಕೈಯೆತ್ತಿ, ನೀನಾ, ಅಂತ ಸನ್ನೆಯಲ್ಲಿ ಕೇಳಿದಳು. ತಲೆಯಾಡಿಸಿದೆ. ಎಷ್ಟು ಹೆಜ್ಜೆ, ಅಂದಳು. ಎರಡು ಬೆರಳು ತೋರಿಸಿದೆ.

ಅವಳು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಸುಮಾರು ಹೊತ್ತು ನಕ್ಕಳು. ಆಮೇಲೆ ಕಂಡಿಕೆ ಮುಗಿಯುವವರೆಗೆ ಕಾಯಿಸಿ, ಮೆಷಿನ್ ನಿಲ್ಲಿಸಿ ಎದ್ದು ಬಂದು ನನ್ನ ಕಾಲನ್ನು ತನ್ನ ಕಾಲಿನಿಂದ ತಳ್ಳಿ ತಳ್ಳಿ ನಿಲ್ಲಿಸಿದಳು. ಹಿಂದಿನ ಕಾಲಿನ ಮೇಲೆ ಭಾರ, ಮುಂದಿನದು ಹಗುರ, ಮುಖ ಆ ಕಡೆ, ಸೊಂಟ ಈ ಕಡೆ. ಕಿವಿಯ ಹತ್ತಿರ ಬಂದು ಕೂಗಿ ಹೇಳಿದಳು. "ಅವರ್ ಕೈ ನೋಡ್ಬೇಡ. ಕಾಲ್ ನೋಡು. ಕೈ ಸುಳ್ ಹೇಳ್ತದೆ." ನಾಳೆ ತನ್ನ ಸರದಿ, ನನ್ನ ಮೂಲೆಯಲ್ಲಿ ಯಾರಾದರೂ ನಿಲ್ಲಲೇಬೇಕಲ್ಲ, ಅಲ್ಲಿ ಹೇಗೆ ನಿಲ್ಲುವುದು ಅಂತ ಕೇಳಿದಳು. ಅತ್ತೆ ಬಾಗಿಲಿನಿಂದ ನೋಡುತ್ತಿದ್ದರು. ನಾನು ಬುಟ್ಟಿಯಿಂದ ಎರಡು ಕಂಡಿಕೆ ತೆಗೆದು ಅವಳ ಎರಡು ಕೈಗೆ ಕೊಟ್ಟೆ.

ಮುಂದಿನ ವರ್ಷ ಮತ್ತೆ ಸೋತೆವು, ಮೂರು ಪಾಯಿಂಟಿನಲ್ಲಿ. ಆ ಒಂದು ಗಂಟೆಯನ್ನು ಅರ್ಧ ಗಂಟೆಗೆ ಇಳಿಸುತ್ತಾರೇನೋ ಎಂದುಕೊಂಡಿದ್ದೆವು, ಅತ್ತೆ ಇಳಿಸಲಿಲ್ಲ. ಸರದಿ ಹಾಗೇ ನಡೆಯಿತು, ಒಂದಿನ ಅವಳು, ಒಂದಿನ ನಾನು, ಮನೆ ಪಾಲಾಗಿ ಮೈದುನ, ವಾರಗಿತ್ತಿ ಮೂರು ಮಗ್ಗ ತೆಗೆದುಕೊಂಡು ಹಿಂದಿನ ಬೀದಿಗೆ ಹೋಗುವವರೆಗೂ. ಆ ಐದಾರು ವರ್ಷದಲ್ಲಿ ನಾವಿಬ್ಬರೂ ಒಂದೇ ಅಂಕಣದಲ್ಲಿ ಒಟ್ಟಿಗೆ ನಿಂತದ್ದು ವರ್ಷಕ್ಕೊಂದು ದಿನ. ಎರಡು ಸಲ ಗೆದ್ದೆವು, ಗೆದ್ದಾಗಲೂ ಆ ಹಳೇ ಮಾತು ಆ ವರ್ಷಕ್ಕೇ ಮುಗೀತು ಅಂದರು ಅತ್ತೆ. ಒಂದು ಸಲ ಗೆಲುವಿನ ಪಾಯಿಂಟ್ ತಂದದ್ದು ನಾನು, ಗೆರೆ ದಾಟಿ ಹೋಗಿ. ಇನ್ನೊಂದು ಸಲ ಕಾಲು ಹಿಡಿದದ್ದು ಅವಳು.